10 ಲಕ್ಷ ಸಾಲ ಮಾಡಿ ಬೆಂಗಳೂರಿನಲ್ಲಿ ಎಂಬಿಎ, ಇಲ್ಲವೇ ಕಲಬುರಗಿಯ ಸರ್ಕಾರಿ ಸೀಟು: ಲೆಕ್ಕ ಹೇಗೆ ಹಾಕಬೇಕು?

ಆಳಂದ_ನಾಕಾ ಕೇಳಿದ್ದು:

ತಮ್ಮ ಬಿ.ಕಾಂ ಮುಗಿಸಿದ್ದಾನೆ, ಶೇ 71. ಎರಡು ಸೀಟು ಕೈಯಲ್ಲಿವೆ. ಒಂದು, ಬೆಂಗಳೂರಿನ ಖಾಸಗಿ ಸಂಸ್ಥೆಯೊಂದರ ಎರಡು ವರ್ಷದ ಪಿಜಿಡಿಎಂ, ಎಂಬಿಎಯಂಥದ್ದೇ ಸ್ನಾತಕೋತ್ತರ ಡಿಪ್ಲೊಮಾ. ಶುಲ್ಕ, ಹಾಸ್ಟೆಲ್, ಲ್ಯಾಪ್‌ಟಾಪ್ ಎಲ್ಲಾ ಹಿಡಿದು 10.5 ಲಕ್ಷ. ಮನೆಯಿಂದ 50 ಸಾವಿರ ಹಾಕಿ ಉಳಿದ 10 ಲಕ್ಷಕ್ಕೆ ಶಿಕ್ಷಣ ಸಾಲ ತೆಗೆಯಬೇಕು, ವರ್ಷಕ್ಕೆ 5 ಲಕ್ಷದಂತೆ ಎರಡು ಕಂತು. ಇನ್ನೊಂದು, ಪಿಜಿಸಿಇಟಿ (ರಾಜ್ಯದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ಮೂಲಕ ಕಲಬುರಗಿಯಲ್ಲೇ ಸಿಕ್ಕಿರುವ ಎಂಬಿಎ. ಶುಲ್ಕ, ಪುಸ್ತಕ, ಬಸ್ ಪಾಸ್ ಸೇರಿ ಎರಡು ವರ್ಷಕ್ಕೆ ಹೆಚ್ಚೆಂದರೆ 1.6 ಲಕ್ಷ, ಊಟ ಮನೆಯಲ್ಲೇ.

ಬೆಂಗಳೂರಿನವರ ಕರಪತ್ರದಲ್ಲಿ "ಸರಾಸರಿ ಪ್ಯಾಕೇಜ್ 8.2 ಲಕ್ಷ" ಎಂದಿದೆ. ಇಲ್ಲಿ ಓದಿದರೆ ಶುರುವಿಗೆ ಕೈಗೆ 20 ಸಾವಿರ ಬಂದರೆ ಹೆಚ್ಚು ಅನ್ನುತ್ತಾರೆ. ಮನೆಯಲ್ಲಿ ಆರು ಎಕರೆ ತೊಗರಿ ಹೊಲ, ಆದಾಯ ಪ್ರಮಾಣಪತ್ರದಲ್ಲಿ 1.8 ಲಕ್ಷ, ತಂದೆಯವರ ಹೆಸರಲ್ಲಿ ಬೆಳೆ ಸಾಲ ಇದೆ. ಬೆಂಗಳೂರಿನ ಸೀಟಿಗೆ 25 ಸಾವಿರ ಮುಂಗಡ ಕಟ್ಟಿ ಆಗಿದೆ. ಸಾಲ ಮತ್ತು ಸಂಬಳ ಎರಡನ್ನೂ ಎದುರುಬದುರು ಇಟ್ಟು ನೋಡುವುದು ಹೇಗೆ, ಲೆಕ್ಕ ಗೊತ್ತಿದ್ದವರು ಬಿಡಿಸಿ ಹೇಳಿ.

ಲೆಕ್ಕದ_ಪುಸ್ತಕ:

ಪ್ಯಾಕೇಜ್ ಅನ್ನುವ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಮಗೆ ಬೇಕಾದ ಸಂಖ್ಯೆ ಒಂದೇ: ಮೊದಲ ಇಎಂಐ ಕಡಿತವಾಗುವ ದಿನ, ಬಾಡಿಗೆ ಊಟ ಕಳೆದು, ತಮ್ಮನ ಖಾತೆಯಲ್ಲಿ ಎಷ್ಟು ಇರುತ್ತದೆ?

ಸಾಲದ ಕಡೆಯಿಂದ ಬರೋಣ. ಬಡ್ಡಿ ಶೇ 10.5 ಎಂದು ಹಿಡಿದಿದ್ದೇನೆ, ನಿಮ್ಮ ಬ್ಯಾಂಕಿನ ದರ ಹಾಕಿ ತಿದ್ದಿಕೊಳ್ಳಿ. ಓದುವ ಎರಡು ವರ್ಷ ಮತ್ತು ಅದರ ಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ನಿಂತಿರುವುದಿಲ್ಲ, ಹಣ ಕಾಲೇಜಿಗೆ ಹೋದ ದಿನದಿಂದಲೇ ಸರಳ ಬಡ್ಡಿ ಓಡುತ್ತದೆ. ಮೊದಲ 5 ಲಕ್ಷಕ್ಕೆ ಮೂರು ವರ್ಷದ ಬಡ್ಡಿ 1,57,500. ಎರಡನೇ 5 ಲಕ್ಷಕ್ಕೆ ಎರಡು ವರ್ಷದ್ದು 1,05,000. ಒಟ್ಟು 2,62,500 ರೂಪಾಯಿ. ಕಂತು ಶುರುವಾಗುವ ದಿನ ಬ್ಯಾಂಕು ಇದನ್ನು ಅಸಲಿಗೆ ಸೇರಿಸುತ್ತದೆ. ಅಂದರೆ ತಮ್ಮ ತೀರಿಸಬೇಕಾದದ್ದು 12,62,500. ಅಲ್ಲಿಂದ ಮುಂದೆ ಇಷ್ಟೂ ಮೊತ್ತಕ್ಕೆ ಬಡ್ಡಿ.

ಏಳು ವರ್ಷದ ಅವಧಿಗೆ ಇಎಂಐ 21,287. ಹತ್ತು ವರ್ಷಕ್ಕೆ 17,036, ಒಟ್ಟು ಕಟ್ಟುವುದು 20.44 ಲಕ್ಷ. ಹದಿನೈದು ವರ್ಷಕ್ಕೆ 13,956, ಒಟ್ಟು 25.12 ಲಕ್ಷ. ಹತ್ತರಿಂದ ಹದಿನೈದಕ್ಕೆ ಎಳೆದರೆ ತಿಂಗಳಿಗೆ ಮೂರು ಸಾವಿರ ಹಗುರ, ಕೊನೆಗೆ ನಾಲ್ಕೂಮುಕ್ಕಾಲು ಲಕ್ಷ ಭಾರ.

ಇನ್ನು ಸಂಬಳ. ಕಾಲೇಜು ಹೇಳುವುದು ಸಿಟಿಸಿ, ಅಂದರೆ ಕಂಪನಿಗೆ ತಗಲುವ ಒಟ್ಟು ವೆಚ್ಚ. ವರ್ಷಕ್ಕೆ 6 ಲಕ್ಷದ ಸಿಟಿಸಿಯನ್ನೇ ಬಿಚ್ಚಿ ನೋಡಿ. ಅದರಲ್ಲಿ ಶೇ 10 ಗುರಿ ಮುಟ್ಟಿದರೆ ಮಾತ್ರ ಸಿಗುವ ವೇರಿಯಬಲ್, 60,000. ಮೂಲ ವೇತನ ಅರ್ಧ ಎಂದು ಹಿಡಿದರೆ ತಿಂಗಳಿಗೆ 25,000. ಅದರ ಶೇ 12 ಕಂಪನಿಯ ಪಿಎಫ್ ಪಾಲು, ವರ್ಷಕ್ಕೆ 36,000. ಗ್ರಾಚ್ಯುಯಿಟಿ ಶೇ 4.81, ಅಂದರೆ 14,430. ಆರೋಗ್ಯ ವಿಮೆಯ ಕಂತು ಸುಮಾರು 5,000. ಇವೆಲ್ಲ ಸಿಟಿಸಿಯೊಳಗೇ ಇರುತ್ತವೆ, ತಿಂಗಳ ಸಂಬಳದಲ್ಲಿ ಬರುವುದಿಲ್ಲ. ಉಳಿದದ್ದು ತಿಂಗಳಿಗೆ 40,380. ಅದರಲ್ಲಿ ತಮ್ಮನ ಪಾಲಿನ ಪಿಎಫ್ 3,000 ಮತ್ತು ವೃತ್ತಿ ತೆರಿಗೆ 200 ಹೋದರೆ ಕೈಗೆ 37,180.

ಬೆಂಗಳೂರಿನ ಖರ್ಚು ಬಿಗಿಯಾಗಿ ಹಿಡಿದರೂ ಊಟ ಸಹಿತ ಪಿಜಿ ವಸತಿಗೆ 11,000, ಓಡಾಟಕ್ಕೆ 2,500, ಫೋನ್ ಇತ್ಯಾದಿ 1,000, ಬಟ್ಟೆ, ಔಷಧ, ಭಾನುವಾರದ ಹೊರಗಿನ ಊಟಕ್ಕೆ 4,000, ಊರಿಗೆ ಬಂದುಹೋಗಲು 1,500. ಇಪ್ಪತ್ತು ಸಾವಿರ ಆಯಿತು. ಉಳಿದದ್ದು 17,180. ಹತ್ತು ವರ್ಷದ ಇಎಂಐ 17,036. ತಿಂಗಳ ಕೊನೆಗೆ ಕೈಯಲ್ಲಿ 144 ರೂಪಾಯಿ.

ಇದು 6 ಲಕ್ಷದ ಕೆಲಸಕ್ಕೆ. ಮನೆಗೆ ಕಳಿಸುವುದು ಇದರಲ್ಲಿ ಇಲ್ಲ, ಒಂದು ತಿಂಗಳು ಕೆಲಸ ತಪ್ಪಿದರೆ ತಡೆಯುವ ಹಣವೂ ಇಲ್ಲ.

ಕಲಬುರಗಿ ಸೀಟಿನ ಜೊತೆ ಹೋಲಿಸಿ. ಕೈಗೆ 20,000, ಮನೆಯಲ್ಲಿದ್ದು ಖರ್ಚು 6,000, ಉಳಿತಾಯ 14,000. 1.6 ಲಕ್ಷ ಮನೆಯಿಂದಲೇ ಹೋಯಿತು ಎಂದುಕೊಳ್ಳಿ. ಬೆಂಗಳೂರಿನ ಸಂಬಳ ವರ್ಷಕ್ಕೆ ಶೇ 10, ಇಲ್ಲಿಯದು ಶೇ 7, ಖರ್ಚು ಎರಡೂ ಕಡೆ ಶೇ 6 ಏರಿದರೆ ಏನಾಗುತ್ತದೆ? ಇಎಂಐ ಶುರುವಾದ ವರ್ಷವನ್ನು ಒಂದನೆಯದು ಎಂದು ಎಣಿಸಿದರೆ, ತಿಂಗಳ ಉಳಿತಾಯದಲ್ಲಿ ಬೆಂಗಳೂರು ಕಲಬುರಗಿಯನ್ನು ದಾಟುವುದು ಎಂಟನೇ ವರ್ಷ. ಅಲ್ಲಿಯವರೆಗೆ ಹಿಂದೆ ಬಿದ್ದದ್ದು ಸುಮಾರು 6.85 ಲಕ್ಷ. ಆ ಹಳ್ಳ ತುಂಬುವುದು ಹನ್ನೆರಡನೇ ವರ್ಷದ ಆರಂಭಕ್ಕೆ, ಅದೂ ಹತ್ತನೇ ವರ್ಷಕ್ಕೆ ಇಎಂಐ ಮುಗಿಯುವುದರಿಂದ. ಅದಾದ ಮೇಲೆ ಅಂತರ ಬೇಗ ಬೆಳೆಯುತ್ತದೆ, ಅದನ್ನೂ ಒಪ್ಪಬೇಕು.

ಹಾಗಾಗಿ ಪ್ರಶ್ನೆ "ಬೆಂಗಳೂರು ಒಳ್ಳೆಯದಾ ಕೆಟ್ಟದ್ದಾ" ಅಲ್ಲ. 6 ಲಕ್ಷಕ್ಕಿಂತ ಮೇಲಿನ ಕೆಲಸ ಸಿಗುವ ಸಾಧ್ಯತೆ ಎಷ್ಟು, ಸಿಗದಿದ್ದರೆ ಆ ಎಂಟು ವರ್ಷ ಯಾರು ತಡೆದುಕೊಳ್ಳುತ್ತಾರೆ? 8.2 ಲಕ್ಷವೇ ಸಿಗುತ್ತದೆ ಎಂದು ನಂಬಿ ಸಾಲಕ್ಕೆ ಸಹಿ ಹಾಕಬೇಡಿ.

ಒಂದು ಮಾತು ಸೇರಿಸುತ್ತೇನೆ. ದಾಖಲಾತಿ ಮಾಡಿಸುವವರು "ಬಡ್ಡಿಗೆ ತೆರಿಗೆ ವಿನಾಯಿತಿ ಇದೆ" ಎನ್ನುತ್ತಾರೆ. ಆ ವಿನಾಯಿತಿ (1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ 80ಇ) ಇರುವುದು ನಿಜ, ಬಡ್ಡಿ ಕಟ್ಟಲು ಶುರು ಮಾಡಿದ ವರ್ಷದಿಂದ ಎಂಟು ವರ್ಷ, ಮೊತ್ತಕ್ಕೆ ಮಿತಿಯಿಲ್ಲ. ಆದರೆ ಅದು ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ. 6 ಲಕ್ಷದ ಸಂಬಳಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆಯೇ ಬೀಳುವುದಿಲ್ಲ. ಕಟ್ಟದ ತೆರಿಗೆಯಲ್ಲಿ ಉಳಿಸುವುದೇನು? ಈ ವಿನಾಯಿತಿಯನ್ನು ಲೆಕ್ಕದಲ್ಲಿ ಸೊನ್ನೆ ಎಂದೇ ಬರೆಯಿರಿ.

ಕಾರಂಜಾ_ದಂಡೆ:

ಮೇಲಿನ ಲೆಕ್ಕಕ್ಕೆ ಬೇಕಾದ ಮುಖ್ಯ ಅಂಕಿ, ಅಂದರೆ ಎಷ್ಟು ಜನರಿಗೆ ಎಷ್ಟು ಸಂಬಳ ಎಂಬುದು ಕರಪತ್ರದಲ್ಲಿ ಸಿಗುವುದಿಲ್ಲ. ಅದಿರುವುದು ಬೇರೆ ಕಡೆ.

ಮೊದಲು ಸರಾಸರಿಯ ವಿಷಯ. ಹತ್ತು ಹುಡುಗರಲ್ಲಿ ಒಂಬತ್ತು ಜನರಿಗೆ 5 ಲಕ್ಷ, ಒಬ್ಬನಿಗೆ ಹೊರದೇಶದಲ್ಲಿ 37 ಲಕ್ಷ ಸಿಕ್ಕಿದರೆ ಸರಾಸರಿ ಸರಿಯಾಗಿ 8.2 ಲಕ್ಷ. ಸುಳ್ಳೇನೂ ಹೇಳಿದಂತಾಗಲಿಲ್ಲ, ಆದರೆ ಆ 8.2 ಒಬ್ಬರಿಗೂ ಸಿಕ್ಕಿಲ್ಲ. ಕೇಳಬೇಕಾದದ್ದು ಮಧ್ಯಾಂಕ, ಮೀಡಿಯನ್ ಅನ್ನುತ್ತಾರಲ್ಲ ಅದು: ಎಲ್ಲರ ಸಂಬಳ ಸಾಲಾಗಿ ಇಟ್ಟಾಗ ನಟ್ಟನಡುವೆ ನಿಲ್ಲುವವನದ್ದು.

ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ (ಕಾಲೇಜುಗಳಿಗೆ ಕೇಂದ್ರ ಸರ್ಕಾರ ಕೊಡುವ ಶ್ರೇಯಾಂಕ) ಅರ್ಜಿ ಹಾಕಿದ ಪ್ರತಿ ಸಂಸ್ಥೆಯೂ ಕೇಂದ್ರಕ್ಕೆ ಕೊಟ್ಟ ಮಾಹಿತಿಯನ್ನು ತನ್ನ ವೆಬ್‌ಸೈಟಿನಲ್ಲಿ ಪಿಡಿಎಫ್ ಆಗಿ ಇಡುತ್ತದೆ. ರ‍್ಯಾಂಕ್ ಬಂದಿರಲೇಬೇಕೆಂದಿಲ್ಲ. ಮುಖಪುಟದ ತಳಭಾಗದಲ್ಲಿ ಎನ್‌ಐಆರ್‌ಎಫ್ ಎಂಬ ಸಣ್ಣ ಕೊಂಡಿ ಇರುತ್ತದೆ. ಅದರೊಳಗೆ ಮ್ಯಾನೇಜ್‌ಮೆಂಟ್ ವಿಭಾಗದ ಕಡತ ತೆಗೆದು, ಎರಡು ವರ್ಷದ ಸ್ನಾತಕೋತ್ತರ ಕೋರ್ಸಿನ ಪಟ್ಟಿ ಹುಡುಕಿ. ಒಂದೇ ಸಾಲಿನಲ್ಲಿ ದಾಖಲಾದವರು, ಅವಧಿಯೊಳಗೆ ಪಾಸಾದವರು, ಕೆಲಸ ಸಿಕ್ಕವರು, ಅವರ ಮಧ್ಯಾಂಕ ಸಂಬಳ, ಉನ್ನತ ಓದಿಗೆ ಹೋದವರು, ಎಲ್ಲವೂ ಇರುತ್ತದೆ. ಮೂರು ವರ್ಷದ ಸಾಲುಗಳನ್ನೂ ಬರೆದುಕೊಳ್ಳಿ. ಒಂದು ವರ್ಷ ಮಾತ್ರ ಹೊಳೆಯುತ್ತಿದ್ದರೆ ಅದು ಆಕಸ್ಮಿಕ.

ಓದುವಾಗ ಎಡವುವ ಜಾಗ ಒಂದಿದೆ. ಕೆಲಸ ಸಿಕ್ಕವರನ್ನು ಪಾಸಾದವರಿಂದ ಭಾಗಿಸಬೇಕು. ಕರಪತ್ರದ "ಶೇ 96 ಪ್ಲೇಸ್‌ಮೆಂಟ್" ಎಷ್ಟೋ ಸಲ "ಪ್ಲೇಸ್‌ಮೆಂಟಿಗೆ ಅರ್ಹರಾಗಿ ಹೆಸರು ನೋಂದಾಯಿಸಿದವರಲ್ಲಿ ಶೇ 96". ಹಾಜರಾತಿ ಕಡಿಮೆಯಾದವರು, ಒಂದು ವಿಷಯ ಉಳಿಸಿಕೊಂಡವರು, ಒಂದು ಆಫರ್ ಬೇಡ ಅಂದವರು ಆ ಪಟ್ಟಿಯಿಂದ ಹೊರಗೆ. ಸಾಲ ಅವರ ತಲೆ ಮೇಲೂ ಅಷ್ಟೇ ಇರುತ್ತದೆ.

ಪಿಜಿಡಿಎಂ ಆದ್ದರಿಂದ ಇಂಥ ಕೋರ್ಸುಗಳ ಕೇಂದ್ರ ನಿಯಂತ್ರಕ ಎಐಸಿಟಿಇಯ ಅನುಮೋದನೆ ಈ ಶೈಕ್ಷಣಿಕ ವರ್ಷಕ್ಕೂ ಇದೆಯಾ ನೋಡಿ. ಸರ್ಕಾರಿ ಹುದ್ದೆಗೋ ಪಿಎಚ್‌ಡಿಗೋ ಹೋಗುವ ಯೋಚನೆಯಿದ್ದರೆ, ಈ ಡಿಪ್ಲೊಮಾ ಎಂಬಿಎಗೆ ಸಮಾನ ಎಂಬ ಎಐಯು (ಭಾರತೀಯ ವಿಶ್ವವಿದ್ಯಾಲಯಗಳ ಸಂಘ) ಮಾನ್ಯತೆಯನ್ನೂ ಕೇಳಿ.

ಮುಂಗಡದ 25 ಸಾವಿರ ಹೋಯಿತು ಎಂದುಕೊಂಡು ಸೀಟು ಹಿಡಿಯಬೇಡಿ. ಎಐಸಿಟಿಇ ನಿಯಮದ ಪ್ರಕಾರ ನಿಗದಿತ ದಿನಾಂಕದೊಳಗೆ ಸೀಟು ಬಿಟ್ಟರೆ 1,000 ರೂಪಾಯಿಗಿಂತ ಹೆಚ್ಚು ಮುರಿದುಕೊಳ್ಳುವಂತಿಲ್ಲ, ಮೂಲ ಅಂಕಪಟ್ಟಿಗಳನ್ನು ಹಿಡಿದಿಟ್ಟುಕೊಳ್ಳುವಂತೆಯೂ ಇಲ್ಲ. ರದ್ದತಿ ಪತ್ರವನ್ನು ಇಮೇಲ್‌ನಲ್ಲೂ ಕಳಿಸಿ, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ.

ಸಾಲದ_ಕೌಂಟರ್:

ಬ್ಯಾಂಕಿನ ಕಡೆಯ ವಿಷಯಗಳು. ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಮಾರ್ಜಿನ್ (ನಾವೇ ಕೈಯಿಂದ ಹಾಕಬೇಕಾದ ಪಾಲು) ಇಲ್ಲ, ಮೀರಿದರೆ ದೇಶದೊಳಗಿನ ಓದಿಗೆ ಶೇ 5. 10.5 ಲಕ್ಷಕ್ಕೆ 52,500 ಆಗುತ್ತದೆ, ನಿಮ್ಮ 50 ಸಾವಿರಕ್ಕೆ ಇನ್ನೂ 2,500 ಬೇಕು. ಸಣ್ಣ ಮೊತ್ತ, ಆದರೆ ಮೊದಲ ಕಂತು ಬಿಡುಗಡೆಯಾಗುವ ದಿನ ಇದಕ್ಕೇ ಕಡತ ನಿಲ್ಲುತ್ತದೆ.

7.5 ಲಕ್ಷ ಮೀರಿದರೆ ಆಸ್ತಿ ಅಡಮಾನ ಕೇಳುತ್ತಾರೆ. ದೊಡ್ಡ ಹೆಸರಿನ ಸಂಸ್ಥೆಗಳಿಗೆ ಬ್ಯಾಂಕುಗಳು ಪ್ರತ್ಯೇಕ ಪಟ್ಟಿ ಮಾಡಿಕೊಂಡು ಅಡಮಾನವಿಲ್ಲದೆ ಕೊಡುತ್ತವೆ. ನಿಮ್ಮ ಸಂಸ್ಥೆ ಆ ಪಟ್ಟಿಯಲ್ಲಿದೆಯಾ ಎಂದು ಶಾಖೆಯಲ್ಲಿ ಮೊದಲೇ ಕೇಳಿ. ನಮ್ಮ ಭಾಗದಲ್ಲಿ ಎಲ್ಲರೂ "ಹೊಲ ಇದೆಯಲ್ಲ" ಎನ್ನುತ್ತಾರೆ. ಕೃಷಿ ಜಮೀನು ಸರ್ಫೇಸಿ ಕಾಯ್ದೆಯ (ಕೋರ್ಟಿಗೆ ಹೋಗದೆ ಅಡಮಾನ ವಶಕ್ಕೆ ಪಡೆಯುವ ಕಾನೂನು) ವ್ಯಾಪ್ತಿಗೆ ಬರುವುದಿಲ್ಲ, ಸಾಲ ಕೆಟ್ಟರೆ ಆ ದಾರಿಯಲ್ಲಿ ಬ್ಯಾಂಕು ಅದನ್ನು ವಶಕ್ಕೆ ಪಡೆಯಲಾಗದು. ಆದ್ದರಿಂದ ಶಿಕ್ಷಣ ಸಾಲಕ್ಕೆ ಅದನ್ನು ಒಪ್ಪುವುದು ಕಡಿಮೆ. ಇ-ಖಾತಾ ಇರುವ ಮನೆ ಅಥವಾ ಎನ್‌ಎ (ಕೃಷಿಯೇತರ) ಆದ ನಿವೇಶನ, ಠೇವಣಿ, ಎಲ್‌ಐಸಿ ಪಾಲಿಸಿಯ ಸರೆಂಡರ್ ಮೌಲ್ಯ, ಇವು ನಡೆಯುತ್ತವೆ. ವಕೀಲರ ಅಭಿಪ್ರಾಯ, ಮೌಲ್ಯಮಾಪನ, ಋಣಭಾರ ಪತ್ರ ಎಂದು ಇದಕ್ಕೇ ವಾರಗಳು ಹಿಡಿಯುತ್ತವೆ. ಕಾಲೇಜಿನ ಕಡೆಯ ದಿನಾಂಕಕ್ಕೆ ಹತ್ತು ದಿನ ಇರುವಾಗ ಬಂದರೆ ಆಗುವುದಿಲ್ಲ.

ಬಡ್ಡಿ ಸಹಾಯಧನ ನಿಮಗೆ ದೊಡ್ಡ ವಿಷಯ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು, ವೃತ್ತಿಪರ ಕೋರ್ಸ್ ಆಗಿ, ಸಂಸ್ಥೆಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಗುಣಮಟ್ಟ ಮಾನ್ಯತೆ ಇದ್ದರೆ, ಓದುವ ಅವಧಿ ಮತ್ತು ನಂತರದ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟುತ್ತದೆ. ತಪ್ಪುವುದು ಎಲ್ಲಿ ಅಂದರೆ ಮೂರು ಕಡೆ. ಮ್ಯಾನೇಜ್‌ಮೆಂಟ್ ಕೋಟಾದ ಸೀಟಿಗೆ ಸಿಗುವುದಿಲ್ಲ, ಪ್ರವೇಶ ಅರ್ಹತೆಯ ಮೇಲೆ ಆಗಿದೆ ಎಂದು ಪ್ರವೇಶ ಪತ್ರದಲ್ಲೇ ಬರೆಸಿಕೊಳ್ಳಿ. ಪದವಿಗೋ ಸ್ನಾತಕೋತ್ತರಕ್ಕೋ ಜೀವನದಲ್ಲಿ ಒಂದೇ ಸಲ. ತಮ್ಮ ಬಿ.ಕಾಂಗೆ ಪಡೆದಿಲ್ಲ ಎಂದುಕೊಳ್ಳುತ್ತೇನೆ. ಮಧ್ಯದಲ್ಲಿ ಓದು ಬಿಟ್ಟರೆ ಮುಂದಿನದು ನಿಲ್ಲುತ್ತದೆ. ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಹೊಸದಾಗಿ ತೆಗೆಸಿ, ಹೆಸರಿನ ಅಕ್ಷರ ಆಧಾರ್‌ನಲ್ಲಿದ್ದ ಹಾಗೇ ಇರಲಿ. ಒಂದು ಅಕ್ಷರ ಬೇರೆಯಾದರೆ ಪೋರ್ಟಲ್‌ನಲ್ಲಿ ಹಕ್ಕುಕೋರಿಕೆ ಹಿಂದಕ್ಕೆ ಬರುತ್ತದೆ.

2024ರ ನವೆಂಬರ್‌ನಲ್ಲಿ ಒಪ್ಪಿಗೆಯಾದ ಪಿಎಂ ವಿದ್ಯಾಲಕ್ಷ್ಮಿ ಬೇರೆ ಯೋಜನೆ. ಅದರಲ್ಲಿ ಅಡಮಾನವೂ ಬೇಡ, ಜಾಮೀನುದಾರರೂ ಬೇಡ. 8 ಲಕ್ಷದೊಳಗಿನ ಆದಾಯದವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಕಂತು ಶುರುವಾಗುವವರೆಗೆ ಶೇ 3 ಬಡ್ಡಿ ರಿಯಾಯಿತಿಯೂ ಇದೆ. ಆದರೆ ಎನ್‌ಐಆರ್‌ಎಫ್ ಆಧಾರದಲ್ಲಿ ಗುರುತಿಸಿದ ಸಂಸ್ಥೆಗಳಿಗೆ ಮಾತ್ರ, ಶುರುವಿನಲ್ಲಿ 860 ಇದ್ದವು. ಪಟ್ಟಿ ವರ್ಷವರ್ಷ ಬದಲಾಗುತ್ತದೆ, ಅರ್ಜಿ ಹಾಕುವ ದಿನ ನೋಡಿ.

ತಂದೆ ಸಹ-ಸಾಲಗಾರರಾಗುತ್ತಾರೆ. ಅವರ ಬೆಳೆ ಸಾಲ ಬಾಕಿ ಬಿದ್ದಿದ್ದರೆ ಸಿಬಿಲ್‌ನಲ್ಲಿ ಕಾಣುತ್ತದೆ, ಅರ್ಜಿ ಅಲ್ಲೇ ಬೀಳುತ್ತದೆ. ಮೊದಲು ಅದನ್ನು ನವೀಕರಿಸಿ. ಇದರ ಇನ್ನೊಂದು ಮುಖವೂ ಇದೆ: ಮುಂದೆ ತಮ್ಮನ ಇಎಂಐ 90 ದಿನ ತಪ್ಪಿ ಸಾಲ ಎನ್‌ಪಿಎ (ಕೆಟ್ಟ ಸಾಲ) ಆದರೆ ತಂದೆಯವರ ಹೆಸರೂ ಕೆಡುತ್ತದೆ, ಆ ವರ್ಷದ ಬೆಳೆ ಸಾಲಕ್ಕೆ ತೊಂದರೆ ಬರುತ್ತದೆ. ಓದಿನ ಸಾಲ ಹೊಲದ ಬಾಗಿಲಿಗೆ ಬರುವುದು ಹೀಗೆ.

ಸಹಿ ಮಾಡುವ ಮುಂಚೆ ಮಂಜೂರಾತಿ ಪತ್ರದಲ್ಲಿ ವಿಮೆಯ ಕಂತು ಸೇರಿಸಿದ್ದಾರಾ ನೋಡಿ. ಸೇರಿಸಿದರೆ ಅದೂ ಸಾಲವೇ, ಅದಕ್ಕೂ ಬಡ್ಡಿ. ಸಾಲಗಾರನ ಜೀವವಿಮೆ ಒಳ್ಳೆಯದೇ, ಆದರೆ ಹೊರಗೆ ಟರ್ಮ್ ಪಾಲಿಸಿ ಎಷ್ಟಕ್ಕೆ ಸಿಗುತ್ತದೆ ಎಂದು ಹೋಲಿಸಿ. ಬದಲಾಗುವ ಬಡ್ಡಿಯ ಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡ ಹಾಕುವಂತಿಲ್ಲ, ಯಾರಾದರೂ ಕೇಳಿದರೆ ಕೊಡಬೇಡಿ.

ತೊಗರಿ_ರಾಶಿ:

ಬ್ಯಾಂಕಿನವರು ಹೇಳಿದ್ದು ಖರೆ ಅದ. ಒಂದು ಮಾತು ಯಾರೂ ಹೇಳಿಲ್ಲ ನೋಡ್ರಿ. ತೊಗರಿ ರಾಶಿ ಆಗೋದು ಡಿಸೆಂಬರ್-ಜನವರಿದಾಗ, ರೊಕ್ಕ ಕೈಗೆ ಬರೋದು ವರ್ಷಕ್ಕ ಒಮ್ಮೆ. ಇಎಂಐ ಬರೋದು ತಿಂಗಳ ತಿಂಗಳ. ಮಗಂದು ಎರಡು ಕಂತು ತಪ್ಪಿದ್ರ ಜೂನ್‌ದಾಗ ಬೀಜ ಗೊಬ್ಬರಕ್ಕ ಇಟ್ಟ ರೊಕ್ಕಕ್ಕ ಕೈ ಹಾಕಬೇಕಾಗ್ತದ. ಹಂಗಾಗಿ "ಅಪ್ಪ ನೋಡ್ಕೋತಾನ" ಅನ್ನೋದು ಲೆಕ್ಕದಾಗ ಹಿಡೀಬ್ಯಾಡ್ರಿ.

ಓದೋವಾಗ ಬಡ್ಡಿ ಕಟ್ಟಿದ್ರ ಚಲೋ ಅಂತಾರಲ್ಲ, ಅದಕ್ಕೊಂದು ದಾರಿ ಅದ. ಮೊದಲ ವರ್ಷ 5 ಲಕ್ಷಕ್ಕ ಬಡ್ಡಿ ತಿಂಗಳಿಗೆ 4,375, ಎರಡನೇ ವರ್ಷ 10 ಲಕ್ಷಕ್ಕ 8,750. ಇದು ಸರಳ ಬಡ್ಡಿ ಇರೋದ್ರಿಂದ ಜನವರಿದಾಗ ರಾಶಿ ಮಾರಿ ಒಮ್ಮೆಲೇ ಕಟ್ಟಿದ್ರೂ ಅಸಲಿಗೆ ಸೇರೋದು ತಪ್ಪುತದ. ಆದ್ರ ಬಡ್ಡಿ ಕಟ್ಟೋರಿಗೆ ಬ್ಯಾಂಕ್ ಕೊಡೋ ಶೇ 1 ರಿಯಾಯಿತಿ ಬೇಕಂದ್ರ, ಬಡ್ಡಿ ಬಿದ್ದಾಗಿಂದಾಗ ಕಟ್ಟಬೇಕು. ಎರಡೂ ಒಟ್ಟಿಗೆ ಸಿಗಂಗಿಲ್ಲ. ಸಹಾಯಧನ ಸಿಗೋದಿದ್ರ ಈ ಪ್ರಶ್ನೇನೇ ಇಲ್ಲ.

ಇನ್ನ ಇಲ್ಲಿ ಎಂಬಿಎ ಮಾಡಿದ್ರ 20 ಸಾವಿರ ಅಷ್ಟೇನಾ? ಸೀಟು ಹಿಡಕೊಂಡು ಸುಮ್ನ ಕುಂತ್ರ ಅಷ್ಟೇ. ಎರಡು ವರ್ಷದಾಗ ಏನು ಮಾಡ್ತಾನ ಅನ್ನೋದ್ರ ಮ್ಯಾಲ ಅದ. ವಾಡಿ, ಮಳಖೇಡ, ಸೇಡಂ, ಚಿತ್ತಾಪುರ ಕಡಿ ಸಿಮೆಂಟ್ ಕಾರ್ಖಾನಿಗೋಳು ಅವ, ಅಲ್ಲಿ ಸಾಗಾಟ, ಖರೀದಿ, ಡೀಲರ್ ಲೆಕ್ಕಕ್ಕ ಜನ ಬೇಕು. ಕಲಬುರಗಿ ದಾಲ್ ಮಿಲ್‌ಗೋಳಿಗೆ ಜಿಎಸ್‌ಟಿ ರಿಟರ್ನ್, ದಾಸ್ತಾನು, ಎಪಿಎಂಸಿ ಖರೀದಿ ಲೆಕ್ಕ ಮೂರೂ ಗೊತ್ತಿದ್ದೋರು ಬೇಕು. ಯಾದಗಿರಿ ಕಡೇಚೂರಿನಾಗ ಔಷಧ ಕಂಪನಿಗೋಳು ಬಂದಾವ. ಇವರ್ಯಾರೂ ಕಾಲೇಜಿಗೆ ಬಂದು ಇಂಟರ್‌ವ್ಯೂ ಮಾಡಂಗಿಲ್ಲ, ನಾವೇ ಹೋಗಬೇಕು. ಬೇಸಿಗಿ ಇಂಟರ್ನ್‌ಶಿಪ್ ಆರೋ ಎಂಟೋ ವಾರ ಇರ್ತದ, ಅದನ್ನ ಊರಾಗಿನ ಗೊತ್ತಿದ್ದ ಅಂಗಡ್ಯಾಗ ಸಹಿ ಹಾಕಿಸ್ಕೊಂಡು ಮುಗಸಬ್ಯಾಡ್ರಿ. ಹೈದರಾಬಾದ್ ಬೆಂಗಳೂರಿನ ಅರ್ಧ ದೂರನೂ ಇಲ್ಲ, ಅಲ್ಲಿ ಹೋಗಿ ಮಾಡಿದ್ರ ಅದೇ ಕಲಬುರಗಿ ಡಿಗ್ರಿಗೆ ಬ್ಯಾರೆ ಬಾಗಲ ತಗೀತದ.

ಕೇಂದ್ರೀಯ ವಿಶ್ವವಿದ್ಯಾಲಯ ಕಡಗಂಚಿದಾಗೇ ಅದ, ಆಳಂದ ತಾಲೂಕು, ಅಲ್ಲೂ ಎಂಬಿಎ ಅದ. ಅದನ್ನ ನೋಡಿರೇನು?

ಸರಕಾರಿ ನೌಕರಿ ತಲ್ಯಾಗ ಇದ್ರ ಸಾಲ ಮಾಡೋ ಅವಶ್ಯಕತೆನೇ ಇಲ್ರಿ. ಸಂವಿಧಾನದ 371ಜೆ ವಿಧಿ ಪ್ರಕಾರ ನಮ್ಮ ಭಾಗದಾಗ ಸಿ ವರ್ಗದ ಹುದ್ದೆ ಶೇ 80, ಎ ಮತ್ತು ಬಿ ವರ್ಗದಾಗ ಶೇ 75 ಸ್ಥಳೀಯರಿಗೆ. ಅದ್ರಾಗ ಬಹಳಷ್ಟಕ್ಕ ಬಿ.ಕಾಂ ಸಾಕು. ಗ್ರಾಮೀಣ ಬ್ಯಾಂಕಿನ ಒಂದನೇ ಶ್ರೇಣಿ ಅಧಿಕಾರಿಗೂ ಯಾವುದರೇ ಪದವಿ, ಕನ್ನಡ ಬರಬೇಕು ಅಷ್ಟೇ. ಎಂಬಿಎ ಕೇಳೋದು ಎರಡನೇ ಶ್ರೇಣಿ ಮಾರ್ಕೆಟಿಂಗ್ ಅಧಿಕಾರಿಯಂಥ ಹುದ್ದೆಗೆ, ಅದಕ್ಕ ಅನುಭವನೂ ಕೇಳ್ತಾರ.

ಆಳಂದ_ನಾಕಾ:

ಎಲ್ಲರಿಗೂ ಕೃತಜ್ಞತೆ. ಬೆಂಗಳೂರಿನ ಸಂಸ್ಥೆಯ ಎನ್‌ಐಆರ್‌ಎಫ್ ಕಡತ ಸಿಕ್ಕಿತು. ಇತ್ತೀಚಿನ ಸಾಲು: ದಾಖಲಾದವರು 180, ಪಾಸಾದವರು 171, ಕೆಲಸ ಸಿಕ್ಕವರು 104, ಮಧ್ಯಾಂಕ 5.1 ಲಕ್ಷ, ಉನ್ನತ ಓದಿಗೆ 9. ಹಿಂದಿನ ಎರಡು ವರ್ಷದಲ್ಲಿ ಮಧ್ಯಾಂಕ 4.8 ಮತ್ತು 5. ಎನ್‌ಬಿಎ ಇದೆ ಎನ್ನುತ್ತಾರೆ, ಪ್ರಮಾಣಪತ್ರದ ಅವಧಿ ನೋಡಬೇಕು. ಬಿ.ಕಾಂಗೆ ಯಾವ ಸಾಲವನ್ನೂ ತೆಗೆದಿಲ್ಲ. ಒಂದು ಪ್ರಶ್ನೆ: ಕೆಲಸ ಎರಡು ವರ್ಷಕ್ಕೇ ಸಿಗುತ್ತದೆ, ಇಎಂಐ ಮೂರು ವರ್ಷದ ನಂತರ. ನಡುವಿನ ಒಂದು ವರ್ಷದ ಸಂಬಳ ಲೆಕ್ಕಕ್ಕೆ ಬರಲಿಲ್ಲವಲ್ಲ?

ಲೆಕ್ಕದ_ಪುಸ್ತಕ:

ಸರಿಯಾದ ಪ್ರಶ್ನೆ, ಅದನ್ನು ನಾನು ಬಿಟ್ಟಿದ್ದು ತಪ್ಪು. ಆ 12 ತಿಂಗಳು ಈ ಇಡೀ ಸಾಲದಲ್ಲಿ ಅತಿ ಬೆಲೆಬಾಳುವ ಕಾಲ. 6 ಲಕ್ಷದ ಕೆಲಸದಲ್ಲಿ ತಿಂಗಳಿಗೆ ಉಳಿಯುವ 17,180 ಅನ್ನು ಪೂರ್ತಿ ಸಾಲಕ್ಕೇ ಹಾಕಿದರೆ 2,06,160 ಆಗುತ್ತದೆ. 12,62,500ರ ಬದಲು 10,56,340ಕ್ಕೆ ಇಎಂಐ ಶುರು, ಹತ್ತು ವರ್ಷಕ್ಕೆ 14,254. ಆಗ ತಿಂಗಳಿಗೆ 144 ಅಲ್ಲ, ಸುಮಾರು 2,900 ಉಳಿಯುತ್ತದೆ. ಮೊದಲ ಸಂಬಳದಲ್ಲಿ ಬೈಕ್ ಕಂತು ಹಚ್ಚಿಕೊಂಡರೆ ಈ ಲಾಭ ಹೋಯಿತು.

ಆದರೆ ನೀವು ತಂದ ಅಂಕಿ 5.1 ಲಕ್ಷ. ಅದನ್ನೇ ಬಿಡಿಸೋಣ. ಮೇಲಿನ ಕ್ರಮದಲ್ಲೇ ವೇರಿಯಬಲ್, ಪಿಎಫ್, ಗ್ರಾಚ್ಯುಯಿಟಿ, ವಿಮೆ, ವೃತ್ತಿ ತೆರಿಗೆ ಕಳೆದರೆ ಕೈಗೆ 31,511. ಖರ್ಚು 20,000 ಹೋಗಿ 11,511. ಮೊದಲ ವರ್ಷ ಅಷ್ಟನ್ನೂ ಸಾಲಕ್ಕೆ ಹಾಕಿದರೆ 1,38,132. ಉಳಿದ ಸಾಲ 11,24,368. ಹತ್ತು ವರ್ಷದ ಇಎಂಐ 15,172. ಶೇ 10 ಏರಿಕೆ ಸಿಕ್ಕಿ ಖರ್ಚು ಶೇ 6 ಏರಿದರೆ ಎರಡನೇ ವರ್ಷ ಉಳಿಯುವುದು 13,462. ತಿಂಗಳಿಗೆ 1,710 ಕೊರತೆ. ಹದಿನೈದು ವರ್ಷಕ್ಕೆ ಎಳೆದರೆ ಇಎಂಐ 12,429, ಕೈಯಲ್ಲಿ ಸಾವಿರ ರೂಪಾಯಿ. ನಡೆಯುತ್ತದೆ, ಆದರೆ 23-24ರ ಹುಡುಗ ಅದೇ ಸಾಲದಲ್ಲಿ ನಲವತ್ತು ಮುಟ್ಟುತ್ತಾನೆ.

ಬಡ್ಡಿ ಸಹಾಯಧನ ಮೂರು ವರ್ಷವೂ ಪೂರ್ತಿ ಸಿಕ್ಕಿತು ಎಂದುಕೊಂಡರೆ ಚಿತ್ರ ಬದಲಾಗುತ್ತದೆ. ಸಾಲ 10 ಲಕ್ಷಕ್ಕೇ ನಿಲ್ಲುತ್ತದೆ, ಮೊದಲ ವರ್ಷದ 1,38,132 ನೇರವಾಗಿ ಅಸಲಿಗೆ. ಉಳಿದ 8,61,868ಕ್ಕೆ ಹತ್ತು ವರ್ಷದ ಇಎಂಐ 11,630, ಕೈಯಲ್ಲಿ 1,800ರಷ್ಟು. ಹಾಗಾಗಿ ಎನ್‌ಬಿಎ ಅವಧಿಯ ದಿನಾಂಕ ನಿಮಗೆ ಸಣ್ಣ ವಿಷಯವಲ್ಲ.

ಇನ್ನೂ ಕಠಿಣವಾದದ್ದು ತಲೆ ಎಣಿಕೆ. 104 ಜನರ ಮಧ್ಯಾಂಕ 5.1 ಎಂದರೆ ಅವರಲ್ಲಿ ಅರ್ಧ, ಅಂದರೆ 52 ಜನ ಅದಕ್ಕಿಂತ ಕೆಳಗೆ. ಪಾಸಾದ 171 ಜನರಲ್ಲಿ 5.1 ಅಥವಾ ಹೆಚ್ಚು ಸಿಕ್ಕಿದ್ದು ಸುಮಾರು 52 ಜನರಿಗೆ, ಶೇ 30. ಓದಿಗೆ ಹೋದ 9 ಬಿಟ್ಟರೆ 58 ಜನರಿಗೆ ಕ್ಯಾಂಪಸ್‌ನಿಂದ ಏನೂ ಇಲ್ಲ. ಅವರಿಗೆ ಹೊರಗೆ ಕೆಲಸ ಸಿಕ್ಕಿರಬಹುದು, ಆದರೆ ಆ ಕೆಲಸಕ್ಕೆ ಕಾಲೇಜಿನ 10 ಲಕ್ಷ ಬೇಕಿತ್ತಾ ಎಂಬುದು ಬೇರೆ ಪ್ರಶ್ನೆ.

ಈ ಸಂಸ್ಥೆಗೆ, ಈ ಬೆಲೆಗೆ, ಸಹಾಯಧನವಿಲ್ಲದೆ ಹೋಗುವುದು ಬೇಡ ಎಂದೇ ನನ್ನ ಅಭಿಪ್ರಾಯ. ಬೆಂಗಳೂರೇ ಬೇಡ ಎಂದಲ್ಲ. ಮಧ್ಯಾಂಕ 9-10 ಲಕ್ಷ ಇದ್ದು ಹತ್ತರಲ್ಲಿ ಎಂಟೊಂಬತ್ತು ಜನರಿಗೆ ಕೆಲಸ ಸಿಗುವ ಕಡೆ ಇದೇ 10 ಲಕ್ಷ ಸಾಲ ತೆಗೆಯುವುದಾದರೆ ಸಹಿ ಹಾಕಲು ಹೆದರಬೇಕಿಲ್ಲ.

ಕಾರಂಜಾ_ದಂಡೆ:

ಒಂದು ತಿದ್ದುಪಡಿ. 6 ಲಕ್ಷದ ಲೆಕ್ಕದಲ್ಲಿ ಪಿಎಫ್ ಅನ್ನು ಬರೀ ಕಡಿತ ಎಂದು ತೋರಿಸಿದ್ದೀರಿ. ತಿಂಗಳಿಗೆ 3,000 ಮತ್ತು 3,000 ಸೇರಿ ವರ್ಷಕ್ಕೆ 72,000 ತಮ್ಮನ ಹೆಸರಲ್ಲೇ ಕೂಡುತ್ತದೆ, ಕಂಪನಿ ಪಾಲಿನಲ್ಲಿ ಸ್ವಲ್ಪ ಪಿಂಚಣಿ ನಿಧಿಗೆ ಹೋಗುತ್ತದೆ ಅಷ್ಟೇ. ಇಲ್ಲಿಯ 20 ಸಾವಿರದ ಕೆಲಸದಲ್ಲಿ ಪಿಎಫ್ ಇರುತ್ತದೋ ಇಲ್ಲವೋ. ಹನ್ನೆರಡನೇ ವರ್ಷ ಎಂಬ ಗಡುವು ಇದರಿಂದ ಕೆಲವು ವರ್ಷ ಮುಂಚೆ ಬರುತ್ತದೆ. ಇಎಂಐ ಕಟ್ಟಲು ಮಾತ್ರ ಆ ಹಣ ಕೈಗೆ ಸಿಗುವುದಿಲ್ಲ.

ಇನ್ನೊಂದು ದಾರಿಯನ್ನು ಯಾರೂ ಎತ್ತಲಿಲ್ಲ. ಶೇ 71ರ ಬಿ.ಕಾಂ ಹುಡುಗ ಎರಡು ವರ್ಷ ಜಿಎಸ್‌ಟಿ, ಆಡಿಟ್ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಕೆಲಸ ಮಾಡುತ್ತಾ ಐಐಎಂ ಪ್ರವೇಶದ ಕ್ಯಾಟ್ ಪರೀಕ್ಷೆ ಬರೆಯಬಹುದು. ಹಳೇ ಐಐಎಂಗಳ ಶುಲ್ಕ 20 ಲಕ್ಷ ದಾಟಿದೆ, ಆದರೆ ಅಲ್ಲಿ ಸಾಲಕ್ಕೆ ಅಡಮಾನದ ಕಾಟ ಇರುವುದಿಲ್ಲ, ಸಂಬಳದ ಮಟ್ಟವೇ ಬೇರೆ. ದೆಹಲಿ ವಿಶ್ವವಿದ್ಯಾಲಯದ ಎಫ್‌ಎಂಎಸ್‌ನಂಥ ಕಡೆ ಶುಲ್ಕ ನಿಮ್ಮ ಬೆಂಗಳೂರಿನ ಸಂಸ್ಥೆಯ ಅರ್ಧವೂ ಇಲ್ಲ. ಸೀಟು ಕಷ್ಟ, ನಿಜ. ಒಂದು ವರ್ಷ ಪ್ರಯತ್ನಿಸಿ ಬಾರದಿದ್ದರೆ ಪಿಜಿಸಿಇಟಿ ಮುಂದಿನ ವರ್ಷವೂ ಇರುತ್ತದೆ.

ಸಾಲದ_ಕೌಂಟರ್:

ಕಲಬುರಗಿ ಸೀಟನ್ನೇ ಹಿಡಿದರೆ 1.6 ಲಕ್ಷಕ್ಕೂ ಮನೆಯ ಹಣ ಮುಟ್ಟಬೇಕಿಲ್ಲ. 4 ಲಕ್ಷದೊಳಗೆ ಅಡಮಾನವೂ ಇಲ್ಲ, ಮಾರ್ಜಿನ್ನೂ ಇಲ್ಲ. ಕಾಲೇಜಿಗೆ ನ್ಯಾಕ್ ಇದ್ದರೆ ಸಹಾಯಧನವೂ ಸಿಗುತ್ತದೆ, ಐದು ವರ್ಷದ ಇಎಂಐ 3,439. ನೀವು ಹಿಂದುಳಿದ ವರ್ಗ ಅಥವಾ ಅಲ್ಪಸಂಖ್ಯಾತರಾಗಿದ್ದರೆ ಅಭಿವೃದ್ಧಿ ನಿಗಮಗಳ ಅರಿವು ಸಾಲವನ್ನು ಮೊದಲು ವಿಚಾರಿಸಿ. ಸಿಇಟಿ ಮೂಲಕ ವೃತ್ತಿಪರ ಕೋರ್ಸಿಗೆ ಹೋದವರಿಗೆ ಬ್ಯಾಂಕಿಗಿಂತ ಬಹಳ ಕಡಿಮೆ ಬಡ್ಡಿಗೆ ಕೊಡುತ್ತಾರೆ. ಅರ್ಜಿಯ ಅವಧಿ ಪ್ರವೇಶದ ಹೊತ್ತಿಗೇ ಮುಗಿದುಬಿಡುತ್ತದೆ, ನಿಗಮದ ಜಿಲ್ಲಾ ಕಚೇರಿಯಲ್ಲಿ ಈ ವಾರವೇ ದಿನಾಂಕ ಕೇಳಿಕೊಳ್ಳಿ.

ಆಳಂದ_ನಾಕಾ:

ಎನ್‌ಬಿಎ ಪ್ರಮಾಣಪತ್ರ ನೋಡಿದೆವು, ಅವಧಿ ಜೂನ್‌ಗೆ ಮುಗಿದಿದೆ, ನವೀಕರಣಕ್ಕೆ ಅರ್ಜಿ ಹಾಕಿದ್ದೇವೆ ಎನ್ನುತ್ತಾರೆ. ರದ್ದತಿ ಪತ್ರ ಇಮೇಲ್ ಆಗಿದೆ, ನಾಳೆ ಬೆಳಿಗ್ಗೆ ಅಂಚೆಗೂ ಹಾಕುತ್ತೇವೆ. ಕಡಗಂಚಿಯ ಕೌನ್ಸೆಲಿಂಗ್ ಈ ವರ್ಷದ್ದು ಮುಗಿದುಹೋಗಿದೆ. ಪಿಜಿಸಿಇಟಿ ಸೀಟಿಗೆ ವರದಿ ಮಾಡಿಕೊಳ್ಳಲು ಇನ್ನೂ ನಾಲ್ಕು ದಿನ ಇದೆ. ಮೂಲ ಅಂಕಪಟ್ಟಿ ಬೆಂಗಳೂರಿನಲ್ಲೇ ಇವೆ, ಅವು ಬರುವ ಮುಂಚೆ ವರದಿ ಮಾಡಿಕೊಳ್ಳಲು ಬರುತ್ತದಾ?

ಸಾಲದ_ಕೌಂಟರ್:

ಅಂಚೆಯಲ್ಲಿ ಬರಲಿ ಎಂದು ಕಾಯಬೇಡಿ. ತಮ್ಮ ಇವತ್ತು ರಾತ್ರಿಯ ರೈಲಿಗೇ ಹೋಗಲಿ, ಇಮೇಲ್‌ನ ಪ್ರತಿ ಮತ್ತು ಮುಂಗಡದ ರಸೀದಿ ಜೊತೆಗಿರಲಿ, ಪ್ರವೇಶ ವಿಭಾಗದಲ್ಲಿ ಕೈಯಿಂದಲೇ ವಾಪಸ್ ಪಡೆಯಲಿ. ಹಿಂದೆಮುಂದೆ ನೋಡಿದರೆ ಎಐಸಿಟಿಇ ನಿಯಮ ಉಲ್ಲೇಖಿಸಿ ಅಲ್ಲೇ ಲಿಖಿತ ಉತ್ತರ ಕೇಳಿ, ಎಐಸಿಟಿಇ ದೂರು ಪೋರ್ಟಲ್‌ನಲ್ಲಿ ಅವತ್ತೇ ದಾಖಲಿಸಿ. ಇತ್ತ ನೀವು ನಾಳೆಯೇ ಕಲಬುರಗಿ ಕಾಲೇಜಿಗೆ ಹೋಗಿ, ಅಂಕಪಟ್ಟಿಯ ನಕಲು ಮತ್ತು ರದ್ದತಿ ಪತ್ರ ತೋರಿಸಿ, ಮೂಲ ದಾಖಲೆ ಯಾವತ್ತು ಬರುತ್ತದೆ ಎಂದು ಬರೆದುಕೊಟ್ಟರೆ ಒಪ್ಪುತ್ತಾರಾ ಕೇಳಿ. ಒಪ್ಪದಿದ್ದರೂ ನಿಮಗೆ ಇನ್ನೂ ಮೂರು ದಿನ ಇರುತ್ತದೆ.